ನಂದಿ ತಪ್ಪಲಿನ ವೈನರಿಗೆ ಪ್ಯಾಕೇಜ್ ಬೇಡ, ಬಸ್ ಹತ್ತಿ

ದೊಡ್ಡಬಳ್ಳಾಪುರದ ಬಳಿಯ ವೈನರಿ ನೋಡಬೇಕೆಂದಿರುವವರಿಗೆ ಮೊದಲ ಮಾತು: ‘ನಂದಿಯಲ್ಲಿ ಸೂರ್ಯೋದಯ, ವೈನರಿ, ಊಟ’ ಎಂದು ಒಟ್ಟಿಗೆ ಕಟ್ಟಿ ಮಾರುವ ಪ್ಯಾಕೇಜಿಗೆ ದುಡ್ಡು ಸುರಿಯಬೇಡಿ. ಆಷಾಢದ ಒಂದು ಭಾನುವಾರ ನಾನೂ ಭಾವಮೈದುನನೂ ತಲೆಗೆ 2,800 ರೂಪಾಯಿಯಂತೆ ತೆತ್ತು ಹೋಗಿದ್ದೆವು. ಬೆಳಗಿನ ಜಾವ ಮೂರೂವರೆಗೆ ಬರಬೇಕಿದ್ದ ಟೆಂಪೊ ಟ್ರಾವೆಲರ್ ಕೋರಮಂಗಲಕ್ಕೆ ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ನಮಗೆ ಸಿಕ್ಕಿದ್ದು ಚಕ್ರದ ಮೇಲಿನ ಕೊನೆಯ ಸೀಟು. ಎ.ಸಿ.ಯಿಂದ ನೀರು ತೊಟ್ಟಿಕ್ಕಿ ಯಲಹಂಕ ದಾಟುವಷ್ಟರಲ್ಲಿ ನನ್ನ ಎಡ ಭುಜ ಪೂರ್ತಿ ಒದ್ದೆಯಾಗಿತ್ತು. ನಂದಿಯ ತಪಾಸಣಾ ಗೇಟಿನ ಮುಂದೆ ಬೈಕು, ಕಾರುಗಳ ಸಾಲು ಕಿಲೋಮೀಟರುಗಟ್ಟಲೆ ನಿಂತಿತ್ತು. ಸೂರ್ಯ ಹುಟ್ಟಿದ್ದು ಗಡಿಯಾರದಿಂದ ತಿಳಿಯಿತು, ಆಕಾಶದಲ್ಲಿ ಬರೀ ಮಂಜು. ಕೇಳಿದರೆ, ‘ಮೋಡಕ್ಕೆ ನಾವೇನು ಮಾಡೋಣ ಸಾರ್?’ ಎಂದ ಆಯೋಜಕ. ಊಟವೆಂದರೆ ಡಬ್ಬಿಯಲ್ಲಿ ತಣ್ಣಗಾದ ಚಿತ್ರಾನ್ನ.

ವೈನರಿ ತಲುಪಿದಾಗ ಕಾದಿರಿಸಿದ ಸಮಯ ಮೀರಿಹೋಗಿತ್ತು. ಮುಂದಿನ ಗುಂಪಿನ ಹಿಂದೆ ಸೇರಿಕೊಂಡೆವು. ತೋಟದಲ್ಲಿ ಬರೀ ಎಲೆ, ಹುಡುಕಿದರೂ ಒಂದು ಗೊನೆ ಕಾಣಲಿಲ್ಲ. ಇದರಲ್ಲಿ ತೋಟದವರ ತಪ್ಪೇನೂ ಇಲ್ಲ. ನಮ್ಮ ಕಡೆ ವೈನ್ ದ್ರಾಕ್ಷಿಗೆ ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಚಾಟನಿ ಮಾಡುತ್ತಾರೆ, ಅಂದರೆ ಬಳ್ಳಿಯ ಕಡ್ಡಿ ಸವರುತ್ತಾರೆ. ಹಣ್ಣು ಬರುವುದು ಎರಡನೆಯದರ ನಂತರ, ಕೊಯ್ಲು ಚಳಿಗಾಲದ ಕೊನೆಗೆ. ಪ್ಯಾಕೇಜ್ ಮಾರುವವರು ಇದನ್ನು ಹೇಳುವುದಿಲ್ಲ. ಅವರಿಗೆ ವರ್ಷದ ಎಲ್ಲ ಭಾನುವಾರಗಳೂ ಒಂದೇ.

ಫೆಬ್ರುವರಿ ಕೊನೆಯ ಒಂದು ಬುಧವಾರ ಮತ್ತೆ ಹೊರಟೆವು, ಈ ಬಾರಿ ಮೆಜೆಸ್ಟಿಕ್‌ನಿಂದ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ. ಅಲ್ಲಿಂದ ಆಟೊ. ವೈನರಿ ಬಾಗಿಲಲ್ಲಿ ವಾಪಸಾತಿಗೆ ಆಟೊ ಸಿಗುವುದಿಲ್ಲ, ಆದ್ದರಿಂದ ಕಾಯುವ ಹಣವನ್ನೂ ಸೇರಿಸಿ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಫೋನ್ ಮಾಡಿ ಜಾಗ ಕಾದಿರಿಸದೆ ಹೋಗಬೇಡಿ. ಗಾಂಧಿ ಜಯಂತಿ, ಚುನಾವಣೆಯಂಥ ಮದ್ಯ ನಿಷೇಧದ ದಿನಗಳಲ್ಲಿ ರುಚಿ ನೋಡಲು ಏನೂ ಸಿಗದು.

ನಾವು ನೋಡಿದ್ದು ಗ್ರೋವರ್ ತೋಟ. 1988ರಲ್ಲಿ ಕನ್ವಲ್ ಗ್ರೋವರ್ ಈ ತಪ್ಪಲಿನಲ್ಲಿ ಫ್ರೆಂಚ್ ತಳಿಗಳನ್ನು ನೆಡಿಸಿದರು, ಆಮೇಲೆ ಫ್ರಾನ್ಸಿನ ವೈನ್ ತಜ್ಞ ಮಿಷೆಲ್ ರೋಲಾನ್ ಸಲಹೆಗಾರರಾಗಿ ಬಂದರು. ಚಿಕ್ಕಬಳ್ಳಾಪುರದ ಕಡೆ ಕಲ್ಲುಕಂಬದ ಚಪ್ಪರ ನೋಡಿ ಬೆಳೆದ ಕಣ್ಣಿಗೆ ಇಲ್ಲಿ ತಂತಿಗೆ ಕಟ್ಟಿದ ಗಿಡ್ಡ ಸಾಲುಗಳು ವಿಚಿತ್ರ. ಅಲ್ಲಿನವರು ಶಿರಾಜ್ ದ್ರಾಕ್ಷಿ ಕೊಟ್ಟರು. ಗುಂಡುಗುಂಡಾದ ಸಣ್ಣ ಹಣ್ಣು, ದಪ್ಪ ಸಿಪ್ಪೆ, ಬೀಜ, ಊಹಿಸದಷ್ಟು ಸಿಹಿ. ಅದನ್ನು ಹಿಸುಕಿದರೆ ಬರುವ ರಸಕ್ಕೆ ಬಣ್ಣವೇ ಇಲ್ಲ! ಬೆರಳಿಗೆ ಹತ್ತಿದ ನೇರಳೆ ಬಣ್ಣವೆಲ್ಲ ಸಿಪ್ಪೆಯದು. ಸಿಪ್ಪೆಯ ಸಮೇತ ಹುದುಗಿಸಿದರೆ ಕೆಂಪು ವೈನ್, ಕೆಲವೇ ಗಂಟೆ ಸಿಪ್ಪೆಯೊಡನೆ ಬಿಟ್ಟು ಸೋಸಿದರೆ ರೋಸೆ, ಮೊದಲೇ ಹಿಂಡಿ ತೆಗೆದ ರಸವನ್ನು ಹುದುಗಿಸಿದರೆ ಬಿಳಿ. ಬಾಟಲಿಯೊಳಗೇ ಇನ್ನೊಮ್ಮೆ ಹುದುಗಿಸಿ ಗಾಳಿಗುಳ್ಳೆ ಹಿಡಿದಿಡುವುದು ಸ್ಪಾರ್ಕ್ಲಿಂಗ್, ಹುದುಗು ನಡುವೆ ಬ್ರಾಂಡಿ ಸುರಿದು ಸಿಹಿ ಉಳಿಸಿಕೊಳ್ಳುವುದು ಪೋರ್ಚುಗಲ್ಲಿನ ಪೋರ್ಟ್.

ವೈನ್ ಎಂದರೆ ಫ್ರಾನ್ಸ್ ಎಂಬ ಮಾತು ನಮ್ಮ ಗುಂಪಿನಲ್ಲೂ ಬಂತು. ಅದಕ್ಕಿಂತ ಬಹಳ ಹಿಂದೆ, ಸುಮಾರು 8,000 ವರ್ಷಗಳ ಕೆಳಗೆ, ಈಗಿನ ಜಾರ್ಜಿಯಾ ದೇಶದಲ್ಲಿ ಮಣ್ಣಿನ ಪಾತ್ರೆಗಳಲ್ಲಿ ವೈನ್ ಇದ್ದದ್ದಕ್ಕೆ ಸಾಕ್ಷ್ಯ ಸಿಕ್ಕಿದೆ. ನಮ್ಮವರು ರಾಗಿಗೆ ಹಗೇವು ತೋಡುತ್ತಿದ್ದಂತೆ ಅಲ್ಲಿನವರು ಇಂದಿಗೂ ದೊಡ್ಡ ಗುಡಾಣಗಳನ್ನು ನೆಲದಲ್ಲಿ ಹೂತು ಅದರೊಳಗೆ ವೈನ್ ಮಾಡುತ್ತಾರೆ. ಇನ್ನು ಫ್ರಾನ್ಸ್: 19ನೆಯ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಅಲ್ಲಿನ ತೋಟಗಳನ್ನು ನಾಶ ಮಾಡಿದಾಗ, ಅಮೆರಿಕದ ಬಳ್ಳಿಗಳ ಬೇರಿಗೆ ಕಸಿ ಕಟ್ಟಿ ಉಳಿಸಿಕೊಳ್ಳಬೇಕಾಯಿತು.

ಆ ಅಮೆರಿಕದ ರಕ್ತ ನಮ್ಮ ‘ಬೆಂಗಳೂರು ಬ್ಲೂ’ ದ್ರಾಕ್ಷಿಯಲ್ಲೂ ಇದೆ. ಭೌಗೋಳಿಕ ಸೂಚಕ ಸಿಕ್ಕಿರುವ ಈ ಕಪ್ಪು ದ್ರಾಕ್ಷಿಯ ಪರಿಮಳ ತೀಕ್ಷ್ಣ. ಅಗ್ಗದ ಸಿಹಿ ವೈನಿಗೆ ಬಹಳವಾಗಿ ಹೋಗುವುದು ಇದೇ. ರುಚಿ ನೋಡಿಸುವ ಮೇಜಿನಲ್ಲಿ ಮೂಗು ಮುರಿಯುವವರಿದ್ದಾರೆ. ನನಗಂತೂ ದಾರಿ ಬದಿಯ ಗಾಡಿಯಲ್ಲಿ ಕೊಂಡ ಒಂದು ಕಿಲೋ ಬ್ಲೂ, ಅಂದು ಕುಡಿದ ಎಲ್ಲ ಬಿಳಿ ವೈನಿಗಿಂತ ಹಿಡಿಸಿತು. ಕೆಂಪು ವೈನಿನ ಮಾತು ಬೇರೆ, ಕ್ಯಾಬರ್ನೆ ಮತ್ತು ಶಿರಾಜ್ ತಳಿಗಳನ್ನು ಬೆರೆಸಿದ ಗ್ರೋವರ್‌ನ ‘ಲಾ ರಿಸರ್ವ್’ ತಪ್ಪಿಸಿಕೊಳ್ಳಬೇಡಿ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಗ್ಲಾಸಿಗೆ ಹಾಕುವುದು ಗುಟುಕಷ್ಟೇ ಆದರೂ ಬಿಸಿಲಿಗೆ ತಲೆಗೇರುತ್ತದೆ. ನಾವು ಮೊದಲು ಉಂಡದ್ದು ದೊಡ್ಡಬಳ್ಳಾಪುರ ಪೇಟೆಯ ಓಣಿಯೊಂದರಲ್ಲಿ, ಹೊರಗೆ ಹೆಸರಿನ ಹಲಗೆಯೂ ಇಲ್ಲದ ಹೋಟೆಲಿನಲ್ಲಿ. ಪಕ್ಕದಲ್ಲೇ ಮಗ್ಗದ ಸದ್ದು. ನಾಲ್ಕೇ ಮೇಜು. ಒಲೆಯ ಮುಂದೆ ಕೂತ ಅಜ್ಜಿ ಕೈಗೆ ನೀರು ಮುಟ್ಟಿಸಿಕೊಂಡು ಮುದ್ದೆಯನ್ನು ಮಣೆಯ ಮೇಲೆ ಎರಡೇ ಸುತ್ತು ಉರುಳಿಸಿ ತಟ್ಟೆಗೆ ಇಟ್ಟರು, ಗಂಟೆಂಬುದಿಲ್ಲ. ಜೊತೆಗೆ ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ, ಹಸಿ ಈರುಳ್ಳಿ, ಮಜ್ಜಿಗೆ. ಸಾರಿನಲ್ಲಿ ಸುಟ್ಟ ಬೆಳ್ಳುಳ್ಳಿಯ ವಾಸನೆ. ‘ಇನ್ನರ್ಧ ಮುದ್ದೆ ಹಾಕಲೇನಪ್ಪ?’ ಎಂದು ಕೇಳಿದರೇ ಹೊರತು ಅದಕ್ಕೆ ದುಡ್ಡು ಕೇಳಲಿಲ್ಲ. ಊಟಕ್ಕೆ ಎಂಬತ್ತು ರೂಪಾಯಿ. ಮಧ್ಯಾಹ್ನ ಒಂದು ಗಂಟೆಯ ಮೇಲೆ ಹೋದರೆ ಬಸ್ಸಾರು ಮುಗಿದಿರುತ್ತದೆ.

ಚನ್ನಪಟ್ಟಣದ ಬಳಿಯ ವೈನರಿಗೂ ಹೋಗಿದ್ದೆವು. ಮೈಸೂರಿಗೆ ಹೋಗುವವರು ನಡುವೆ ನಿಲ್ಲಲು ಸರಿ, ಅದಕ್ಕೆಂದೇ ಹೋಗಬೇಕಿಲ್ಲ. ನಂದಿ ಕಡೆಯೇ ಸಮಯ ಉಳಿದರೆ ಬೆಟ್ಟ ಹತ್ತುವ ಬದಲು ಕೆಳಗಿನ ಭೋಗನಂದೀಶ್ವರ ಗುಡಿಗೆ ಹೋಗಿ. ವಾರದ ದಿನ ಕಲ್ಯಾಣಿಯ ಮೆಟ್ಟಿಲಲ್ಲಿ ಕೂರಲು ಜಾಗವಿರುತ್ತದೆ. ಬಾಟಲಿ ಕೊಳ್ಳುವುದನ್ನು ಮಾತ್ರ ವೈನರಿಯಿಂದ ಹೊರಡುವಾಗ ಮಾಡಿ, ಬಿಸಿಲಿನಲ್ಲಿ ಅದನ್ನು ಹೊತ್ತು ತಿರುಗಿದರೆ ವೈನ್ ಕೆಡುತ್ತದೆ.