ಬಳ್ಳಾರಿ ಅಂದ್ರೆ ಎಲ್ಲಿ ಅಂತ ಕೇಳಿದರು

2024ರಲ್ಲಿ ನಾನು ಚರ್ಚಾ ಸ್ಪರ್ಧೆಗೆ ಅಂತ ಮಲೇಶ್ಯಾಕ್ಕೆ ಹೋಗಿ ಏಳು ನಿಮಿಷ ಮಾತಾಡಿ ಬಂದೆ. ಒಂದೇ ಸಲ ಅಲ್ಲ, ಐದು ಸುತ್ತು. ಆದರೆ ನೆನಪಿನಲ್ಲಿ ಉಳಿದಿರುವುದು ಆ ಒಂದು ಏಳು ನಿಮಿಷ ಮಾತ್ರ.

ಹೊರಡುವಾಗ ಅಪ್ಪ ಕೇಳಿದ್ದು ಇಷ್ಟೇ: "ಬಾಯಿ ಮಾಡಾಕ ಅಷ್ಟು ದೂರ ಹೋಗ್ಬೇಕೇನ್ಲೇ? ಇಲ್ಲೇ ಬಸ್ ಸ್ಟ್ಯಾಂಡಿನ್ಯಾಗ ಕಂಡಕ್ಟರ್ ಜೋಡಿ ಜಗಳಾಡಿದ್ರ ಆಗ್ತಿತ್ತಲ್ಲ." ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಕಡೆ ಚರ್ಚಾ ಸ್ಪರ್ಧೆ ಹೇಗಿರುತ್ತೆ ಗೊತ್ತಲ್ವಾ? ವಾರದ ಮುಂಚೆ ವಿಷಯ ಕೊಡ್ತಾರೆ. ಮೇಷ್ಟ್ರು ಬರೆದುಕೊಡ್ತಾರೆ, ನಾವು ಬಾಯಿಪಾಠ ಮಾಡ್ತೀವಿ. ವೇದಿಕೆ ಮೇಲಿರುವವರಿಗೆಲ್ಲ ನಮಸ್ಕಾರ ಹೇಳುವಷ್ಟರಲ್ಲಿ ಒಂದು ನಿಮಿಷ ಹೋಗುತ್ತೆ. ಎದುರಾಳಿ ಏನಂದ ಅಂತ ಯಾರೂ ಕೇಳಿಸಿಕೊಳ್ಳಲ್ಲ, ಯಾಕಂದ್ರೆ ಅವನೂ ಬಾಯಿಪಾಠ ಮಾಡಿಕೊಂಡೇ ಬಂದಿರ್ತಾನೆ. ಹಾಗೆ ಗೆದ್ದ ಹನ್ನೊಂದು ಶೀಲ್ಡ್ ನಮ್ಮ ಮನೆಯ ಟಿವಿ ಮೇಲಿವೆ.

ಅಲ್ಲಿ ಬ್ರಿಟಿಷ್ ಪಾರ್ಲಿಮೆಂಟರಿ ಪದ್ಧತಿ. ಒಂದು ಕೋಣೆಯಲ್ಲಿ ನಾಲ್ಕು ತಂಡ, ತಂಡಕ್ಕೆ ಇಬ್ಬರು. ಪರವೋ ವಿರೋಧವೋ ನಿಮ್ಮ ಇಷ್ಟ ಅಲ್ಲ, ಅವರು ಹಾಕಿದ್ದು. ವಿಷಯ ಹೇಳಿದ ಮೇಲೆ ಹದಿನೈದು ನಿಮಿಷ, ನೆಟ್ ನೋಡುವಂತಿಲ್ಲ. ಏಳು ನಿಮಿಷದ ಮಾತಿನಲ್ಲಿ ಮೊದಲನೇ ಮತ್ತು ಕೊನೇ ನಿಮಿಷ ಬಿಟ್ಟು ಯಾವಾಗ ಬೇಕಾದರೂ ಎದುರಿನವರು ಎದ್ದು ನಿಂತು ಪ್ರಶ್ನೆ ಕೇಳಬಹುದು. ಮುಗಿದ ಮೇಲೆ ಯಾರು ಮೊದಲು, ಯಾರು ನಾಲ್ಕನೇ, ಯಾಕೆ ಅಂತ ಜಡ್ಜ್ ಎದುರಿಗೇ ಬಿಡಿಸಿ ಹೇಳ್ತಾರೆ.

ಮೂರನೇ ಸುತ್ತಿನ ವಿಷಯ ಗಣಿಗಾರಿಕೆ ನಿಷೇಧ. ನಮಗೆ ಬಿದ್ದಿದ್ದು ನಿಷೇಧದ ಪರ.

ಇಲ್ಲಿ ಸ್ವಲ್ಪ ಮನೆ ಕಥೆ ಹೇಳಬೇಕು. ನಮ್ಮೂರು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕು. ಅಪ್ಪನಿಗೆ ಒಂದು ಟಿಪ್ಪರ್ ಇತ್ತು, ಸಾಲದ್ದು. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಿತು. ನಾನಾಗ ಎರಡನೇ ಕ್ಲಾಸು. ರಸ್ತೆ ತುಂಬ ಸಾಲುಗಟ್ಟಿ ಹೋಗುತ್ತಿದ್ದ ಲಾರಿಗಳು ಕಾಣದಂತಾದವು. ಅಂಗಳದಲ್ಲಿ ಒಣಗಿ ಹಾಕಿದ ಬಟ್ಟೆ ಕೆಂಪಾಗುವುದು ನಿಂತಿತು ಅಂತ ಅಮ್ಮ ಖುಷಿಪಟ್ಟಳು. ಕಂತು ಕಟ್ಟಲಾಗದೆ ಮರುವರ್ಷ ಫೈನಾನ್ಸಿನವರು ಟಿಪ್ಪರ್ ಎಳೆದುಕೊಂಡು ಹೋದರು. ಅವತ್ತಿಂದ ನಮ್ಮ ಮನೆಯಲ್ಲಿ 'ನಿಷೇಧ' ಅನ್ನುವುದು ಬೈಗುಳ. ಈಗ ಅಪ್ಪ ಬೇರೆಯವರ ಬೊಲೆರೊ ಓಡಿಸ್ತಾರೆ.

ಅದರ ಪರವಾಗಿ ಮಾತಾಡಬೇಕು! ನನ್ನ ಜೋಡಿ ಸಿರುಗುಪ್ಪದ ಹುಡುಗಿ, ಭತ್ತದ ಊರಿನವಳು, ಗಣಿ ಗಿಣಿ ಗೊತ್ತಿಲ್ಲ. "ನಿಂಗೆ ಗೊತ್ತಲ್ಲ, ನೀನೇ ಹೇಳು" ಅಂದುಬಿಟ್ಟಳು. ಧೂಳು, ಕುಸಿದ ಗುಡ್ಡ, ಹದಗೆಟ್ಟ ರಸ್ತೆ ಅಂತ ಶುರು ಮಾಡಿದೆ. ಐದನೇ ನಿಮಿಷಕ್ಕೆ ಎದುರಿನ ಹುಡುಗನೊಬ್ಬ ಎದ್ದು ಕೈ ಚಾಚಿದ. "ಕೆಲಸ ಕಳೆದುಕೊಂಡವನಿಗೆ ಏನು ಹೇಳ್ತೀರಿ?"

ಬಾಯಿ ಒಣಗಿತು. ಕೊನೆಗೆ ಅಪ್ಪನ ಕಥೆ ಹೇಳಿದೆ. ಕೋಣೆ ಗಪ್‌ಚುಪ್. ಗೆದ್ದೆವು ಅಂದುಕೊಂಡೆ.

ಮೂರನೇ ಸ್ಥಾನ ಬಂತು, ಅಂದ್ರೆ ಒಂದೇ ಪಾಯಿಂಟ್. ಜಡ್ಜ್ ಹೇಳಿದ್ದು: "ನಿಮ್ಮ ಅಪ್ಪನ ಮಾತು ನಂಬುತ್ತೇನೆ. ಆದರೆ ಬಳ್ಳಾರಿ ಅಂದ್ರೆ ಎಲ್ಲಿ? ಗಣಿ ಯಾಕೆ ನಿಂತಿತು, ಯಾರು ನಿಲ್ಲಿಸಿದರು? ಎಲ್ಲರಿಗೂ ಗೊತ್ತು ಅಂತ ಮೂರು ಸಲ ಅಂದಿರಿ. ಇಲ್ಲಿ ಯಾರಿಗೂ ಗೊತ್ತಿಲ್ಲ."

ಬಳ್ಳಾರಿಯಲ್ಲಿ ನಿಂತು 'ಗಣಿ' ಅಂದರೆ ಸಾಕು, ಉಳಿದಿದ್ದನ್ನು ಕೇಳುವವರೇ ತುಂಬಿಕೊಳ್ತಾರೆ. ಬೆಂಗಳೂರಿನಲ್ಲಿ 'ರಿಪಬ್ಲಿಕ್ ಆಫ್ ಬಳ್ಳಾರಿ', ಗಣಿ ಧಣಿಗಳದ್ದೇ ಬೇರೆ ರಾಜ್ಯ ಅಂತ ನಗ್ತಾರೆ, ಅವರಿಗೂ ಗೊತ್ತಿದೆ ಅಂತ ಅರ್ಥ. ನಮ್ಮೂರನ್ನು ಮೊದಲಿಂದ ವಿವರಿಸಬೇಕಾದ ಪರಿಸ್ಥಿತಿ ನನಗೆ ಅಲ್ಲಿಯ ತನಕ ಬಂದಿರಲೇ ಇಲ್ಲ. ವಿವರಿಸೋಕೆ ಹೋದಾಗಲೇ ಗೊತ್ತಾಗಿದ್ದು, ಗಣಿ ಯಾಕೆ ನಿಂತಿತು ಅನ್ನುವುದು ನನಗೇ ಸರಿಯಾಗಿ ತಿಳಿದಿರಲಿಲ್ಲ. ಆ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಬಗ್ಗೆ ಓದಿದೆ. ಸಂಡೂರಿನ ಹುಡುಗ, ಓದಿದ್ದು ಮಲೇಶ್ಯಾದಲ್ಲಿ. ನಾಚಿಕೆಯಾಯಿತು.

ಪ್ರಶ್ನೆ ಕೇಳಿದ ಹುಡುಗ ಊಟಕ್ಕೆ ನಮ್ಮ ಟೇಬಲ್ಲಿಗೇ ಬಂದ. ಅವನದು ಮಲೇಶ್ಯಾದ್ದೇ ಇಪೋ ಊರು. ಸುತ್ತಲಿನ ಕಿಂತಾ ಕಣಿವೆ ಒಂದು ಕಾಲಕ್ಕೆ ಜಗತ್ತಿಗೇ ತವರ, ಅಂದ್ರೆ ಟಿನ್ ಲೋಹ, ಕೊಟ್ಟ ಜಾಗ. 1985ರಲ್ಲಿ ತವರದ ಬೆಲೆ ಕುಸಿಯಿತು, ಗಣಿಗಳು ಮುಚ್ಚಿದವು. ಅಲ್ಲಿ ಕೋರ್ಟ್ ನಿಲ್ಲಿಸಲಿಲ್ಲ, ಮಾರುಕಟ್ಟೆ ನಿಲ್ಲಿಸಿತು. ಅವನ ತಾತನೂ ಕೆಲಸ ಕಳೆದುಕೊಂಡವನೇ. ಗಣಿ ಗುಂಡಿಗಳೆಲ್ಲ ಈಗ ಕೆರೆ, ಕೆಲವದರಲ್ಲಿ ಮೀನು ಸಾಕ್ತಾರೆ ಅಂದ. ಕೌಲಾಲಂಪುರದ ಪಕ್ಕದ ಸನ್‌ವೇ ಅನ್ನೋ ಊರನ್ನು ಕಟ್ಟಿರುವುದೇ ಹಳೇ ತವರದ ಗಣಿ ಜಾಗದಲ್ಲಂತೆ. ಸಿರುಗುಪ್ಪದವಳ ಶೇಂಗಾ ಚಟ್ನಿ ಪುಡಿ ಅವನಿಗೆ ಬಹಳ ಹಿಡಿಸಿತು, ಡಬ್ಬಿ ಖಾಲಿ ಮಾಡಿದ.

ಇದೆಲ್ಲ ಆನ್‌ಲೈನ್‌ನಲ್ಲೂ ಆಗುತ್ತಲ್ಲ ಅನ್ನಬಹುದು. ಡಿಬೇಟ್ ಆಗುತ್ತೆ, ಖಂಡಿತ. 2022ರ ವಿಶ್ವ ವಿಶ್ವವಿದ್ಯಾಲಯಗಳ ಡಿಬೇಟ್ ಆನ್‌ಲೈನ್‌ನಲ್ಲೇ ನಡೆದು ಬಾಂಗ್ಲಾದೇಶದ ಬ್ರಾಕ್ ವಿಶ್ವವಿದ್ಯಾಲಯ ಗೆದ್ದಿತು. ಆದರೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಇಪೋ ಹುಡುಗ ನನ್ನ ಪಕ್ಕ ಬಂದು ಕೂರ್ತಿದ್ದನಾ?

ಖರ್ಚು ನಲವತ್ತೈದು ಸಾವಿರದ ಹತ್ತಿರ ಆಯಿತು, ಹಂಪಿ ಎಕ್ಸ್‌ಪ್ರೆಸ್ಸಿನ ಸ್ಲೀಪರ್ ಟಿಕೆಟ್ಟೂ ಸೇರಿ. ವೀಸಾ ಬೇಕಾಗಲಿಲ್ಲ, 2023ರ ಡಿಸೆಂಬರಿನಿಂದ ಭಾರತೀಯರಿಗೆ ಮಲೇಶ್ಯಾ ವೀಸಾ ಇಲ್ಲದೆ ಬಿಡುತ್ತಿದೆ. ಕಾಲೇಜಿನವರು ಕೊಟ್ಟಿದ್ದು ಒಂದು ಶುಭ ಹಾರೈಕೆಯ ಪತ್ರ, ಅದೂ ನನ್ನ ಹೆಸರು ತಪ್ಪಾಗಿ. ಅರ್ಧ ದುಡ್ಡು ಟ್ಯೂಷನ್ ಹೇಳಿ ಕೂಡಿಸಿದೆ, ಅರ್ಧ ಮಾವ ಕೊಟ್ಟ. ಗಣಿ ಬಾಧಿತ ಪ್ರದೇಶಗಳಿಗೆ ಅಂತ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ, ಶಿಕ್ಷಣಕ್ಕೂ ಬಳಸಬಹುದು. ವರ್ಷಕ್ಕೆ ನಾಲ್ಕು ಮಕ್ಕಳನ್ನು ಅದರಲ್ಲಿ ಕಳಿಸಿದರೆ ಏನು ಗಂಟು ಹೋಗುತ್ತೆ? ಸುಮ್ನೆ ಸೆಲ್ಫಿಗೆ ಹೋಗುವವರನ್ನಲ್ಲ. ಇಲ್ಲಿ ಒಂದು ವರ್ಷವಾದರೂ ವಾರಾ ವಾರಾ ಪ್ರಾಕ್ಟೀಸ್ ಮಾಡಿದವರನ್ನು.

ಇಂಗ್ಲಿಷ್ ಭಯ ಬೇಡ. ನಾನು ಹತ್ತನೇ ತನಕ ಕನ್ನಡ ಮೀಡಿಯಂ. ಅಲ್ಲಿ ಒಬ್ಬೊಬ್ಬರದು ಒಂದೊಂದು ರಾಗ, ಉಚ್ಚಾರಣೆಗೆ ಯಾರೂ ಅಂಕ ಕಡಿಯಲಿಲ್ಲ. ನಿಧಾನವಾಗಿ ಹೇಳಿದರೆ ಆಯಿತು.

ಐದು ಸುತ್ತು ಮುಗಿದಾಗ ನಾವು ಪಟ್ಟಿಯ ಕೆಳಗಿನ ಅರ್ಧದಲ್ಲಿದ್ದೆವು. ಶೀಲ್ಡ್ ಇಲ್ಲ. ಮನೆಗೆ ಬಂದು ಅಪ್ಪನಿಗೆ ಮೊಬೈಲಿನಲ್ಲಿ ಫೋಟೊ ತೋರಿಸಿದೆ. ನಿಷೇಧದ ಪರ ಮಾತಾಡಿದ್ದೂ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಇಪೋದವನು ಕಳಿಸಿದ್ದ ಗಣಿ ಗುಂಡಿಯ ಕೆರೆಯ ಫೋಟೊ ಬಂದಾಗ ಮೊಬೈಲ್ ಕಸಿದುಕೊಂಡು ಬೆರಳಲ್ಲಿ ಹಿಗ್ಗಿಸಿದರು. ನೀರಿನ ಪಕ್ಕ ಮೂಲೆಯಲ್ಲಿ ಒಂದು ಲಾರಿ ನಿಂತಿತ್ತು.

"ಇದು ಹತ್ತು ಚಕ್ರದ್ದಾ, ಹನ್ನೆರಡಾ?" ಅಂದರು.