ಎರಡು ಬಿಸಿನೆಸ್ ಕ್ಲಾಸ್ ಸೀಟು, ಮೂರು ಬಗೆಯ ಮೈಲು: ಈವರೆಗಿನ ಲೆಕ್ಕ

ಗುರಿ: ಸಿಂಗಪುರದಿಂದ ಯುರೋಪಿಗೆ ಹೋಗುವುದಕ್ಕಷ್ಟೇ ಎರಡು ಬಿಸಿನೆಸ್ ಕ್ಲಾಸ್ ಸೀಟು, ಅದೂ ಕ್ರೆಡಿಟ್ ಕಾರ್ಡಿನ ಪಾಯಿಂಟನ್ನು ಏರ್‌ಲೈನಿನ ಮೈಲು (ಅಂದರೆ ಏರ್‌ಲೈನಿನದೇ ಪಾಯಿಂಟ್) ಮಾಡಿಕೊಂಡು. ದಿನಾಂಕ ಒಂದು ವಾರ ಹಿಂದೆಮುಂದೆ ಆಗಬಹುದು. ಇಳಿಯುವುದು ಫ್ರಾಂಕ್‌ಫರ್ಟ್, ಜೂರಿಕ್, ಹೆಲ್ಸಿಂಕಿ ಯಾವುದಾದರೂ ಸರಿ. ಈ ಸಡಿಲಿಕೆಯೇ ಅರ್ಧ ಕೆಲಸ ಮಾಡುತ್ತದೆ. ಇದೇ ದಿನ, ಇದೇ ವಿಮಾನ, ಎರಡೂ ಸೀಟು ಬೇಕೇ ಬೇಕು ಅಂತ ಪಟ್ಟು ಹಿಡಿದರೆ ಎಷ್ಟು ಪಾಯಿಂಟ್ ಇದ್ದರೂ ಸಾಲದು.

ಮುಗಿದದ್ದು: ಯಾವ ಪಾಯಿಂಟ್

ಒಂದೇ ಏರ್‌ಲೈನಿನ ಹೆಸರು ಹೊತ್ತ ಕೋ-ಬ್ರಾಂಡ್ ಕಾರ್ಡ್ ಕೈಬಿಟ್ಟು, ಹಲವು ಏರ್‌ಲೈನ್‌ಗಳಿಗೆ ವರ್ಗಾಯಿಸಬಹುದಾದ ಬ್ಯಾಂಕ್ ಪಾಯಿಂಟ್ ಆರಿಸಿದ್ದೇವೆ. ಮುಖ್ಯ ಕಾರಣ ಅವಧಿ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲುಗಳು ಖಾತೆಗೆ ಬಂದ 3 ವರ್ಷಕ್ಕೆ ಮುಗಿಯುತ್ತವೆ, ನಡುವೆ ಎಷ್ಟು ಸಲ ಹಾರಿದರೂ ಅಷ್ಟೇ. ಬ್ರಿಟಿಶ್ ಏರ್‌ವೇಸ್‌ನ ಏವಿಯೋಸ್ ಪಾಯಿಂಟ್ 36 ತಿಂಗಳು, ಏರ್ ಕೆನಡಾದ ಏರೋಪ್ಲಾನ್ 18 ತಿಂಗಳು ಖಾತೆ ಅಲುಗಾಡದಿದ್ದರೆ ಮಾತ್ರ ಹೋಗುತ್ತವೆ. ಒಂದು ಸಣ್ಣ ಜಮೆ ಆದರೂ ಗಡಿಯಾರ ಮತ್ತೆ ಶುರು. ಪಾಯಿಂಟ್ ಬ್ಯಾಂಕಿನಲ್ಲೇ ಇದ್ದರೆ ಇದಾವುದರ ತಲೆನೋವಿಲ್ಲ, ಬ್ಯಾಂಕಿನದೇ ಅವಧಿಯೊಂದನ್ನು ನೋಡಿಕೊಂಡರೆ ಸಾಕು.

ಕಾರ್ಡ್ ಹೋಲಿಸುವಾಗ ಜಾಹೀರಾತಿನ ಅಂಕಿ ನೋಡಬೇಡಿ. ಒಂದು ಕಾರ್ಡ್ 100ರ ಖರ್ಚಿಗೆ 5 ಪಾಯಿಂಟ್ ಕೊಟ್ಟು 2:1 ಅನುಪಾತದಲ್ಲಿ ವರ್ಗಾಯಿಸಿದರೆ ಸಿಗುವುದು 2.5 ಮೈಲು. 3 ಪಾಯಿಂಟ್ ಕೊಟ್ಟು 1:1 ವರ್ಗಾಯಿಸುವ ಕಾರ್ಡ್ 3 ಮೈಲು ಕೊಡುತ್ತದೆ. ಇದಾದ ಮೇಲೆ ಸಣ್ಣಕ್ಷರ ಓದಬೇಕು: ಪಾಯಿಂಟ್ ಸಿಗದ ಖರ್ಚುಗಳು ಯಾವುವು, ತಿಂಗಳ ಮಿತಿ ಎಷ್ಟು, ವರ್ಷಕ್ಕೆ ಎಷ್ಟು ಪಾಯಿಂಟ್ ಹೊರಗೆ ಕಳಿಸಬಹುದು. ಮಿತಿ ತಿಳಿಯದೆ ಪಾಯಿಂಟ್ ಗುಡ್ಡೆ ಹಾಕಿದರೆ ಎರಡನೇ ಸೀಟಿನ ಪಾಯಿಂಟ್ ಮುಂದಿನ ವರ್ಷದವರೆಗೆ ಬ್ಯಾಂಕಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಲ್ ಪೂರ್ತಿ ಕಟ್ಟದೆ ಬಡ್ಡಿ ತೆರುವವರಿಗೆ ಈ ಇಡೀ ಲೆಕ್ಕವೇ ನಷ್ಟದ್ದು.

ಮುಗಿದದ್ದು: ಮೂರು ದಾರಿ

ಕ್ರಿಸ್‌ಫ್ಲೈಯರ್ ಪಟ್ಟಿಯಲ್ಲಿ ಉಳಿದಿರುವುದಕ್ಕೆ ಕಾರಣ ಒಂದೇ. ಸಿಂಗಪುರ ಏರ್‌ಲೈನ್ಸ್ ತನ್ನ ದೂರದ ಹಾರಾಟಗಳ ಬಿಸಿನೆಸ್, ಫಸ್ಟ್ ಸೀಟುಗಳನ್ನು ಬಹುಪಾಲು ತನ್ನ ಸದಸ್ಯರಿಗೇ ಇಟ್ಟುಕೊಳ್ಳುತ್ತದೆ. ಅದು ಸೇರಿರುವ ಸ್ಟಾರ್ ಅಲೈಯನ್ಸ್ ಎಂಬ ಏರ್‌ಲೈನ್ ಕೂಟದ ಬೇರೆ ಏರ್‌ಲೈನಿನ ಮೈಲು ಹಿಡಿದುಕೊಂಡು ಆ ಸೀಟು ಹುಡುಕುವುದು ವ್ಯರ್ಥ.

ಏರೋಪ್ಲಾನ್‌ನಿಂದ ಲುಫ್ತಾನ್ಸಾ, ಸ್ವಿಸ್, ಟರ್ಕಿಶ್ ಸಿಗುತ್ತವೆ. ಅದು ಏರ್‌ಲೈನ್ ಸರ್‌ಚಾರ್ಜ್ (ಏರ್‌ಲೈನ್ ತಾನೇ ಸೇರಿಸುವ ಹೆಚ್ಚುವರಿ ಶುಲ್ಕ) ಹಾಕುವುದಿಲ್ಲ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕದ ಮೇಲೆ ಪಾಲುದಾರ ಏರ್‌ಲೈನಿನ ಟಿಕೆಟಿಗೆ 39 ಕೆನಡಿಯನ್ ಡಾಲರ್ ಸೇರುತ್ತದೆ. 5,000 ಪಾಯಿಂಟ್ ಹೆಚ್ಚಿಗೆ ಕೊಟ್ಟರೆ ದಾರಿಯಲ್ಲಿ ಒಂದು ಊರಲ್ಲಿ ಕೆಲವು ದಿನ ಇಳಿದು ಹೋಗಬಹುದು. ಬೆಲೆ ನಿಂತಿರುವುದು ನಿಜವಾಗಿ ಹಾರುವ ದೂರದ ಮೇಲೆ, ಹಾಗಾಗಿ ಸುತ್ತುಬಳಸಿನ ದಾರಿ ಹಿಡಿದರೆ ಮೇಲಿನ ಹಂತದ ದರಕ್ಕೆ ಜಾರುವ ಅಪಾಯವಿದೆ.

ಮೂರರಲ್ಲಿ ಹೆಚ್ಚು ಬಗ್ಗುವುದು ಏವಿಯೋಸ್. ಬ್ರಿಟಿಶ್ ಏರ್‌ವೇಸ್, ಐಬೀರಿಯಾ, ಏರ್ ಲಿಂಗಸ್ ಜೊತೆಗೆ 2022ರಿಂದ ಕತಾರ್ ಏರ್‌ವೇಸ್, 2024ರಿಂದ ಫಿನ್‌ಏರ್ ಕೂಡ ಇದನ್ನೇ ಬಳಸುತ್ತಿವೆ. ನಿಮ್ಮ ಬ್ಯಾಂಕ್ ಇವುಗಳಲ್ಲಿ ಒಂದಕ್ಕೆ ಮಾತ್ರ ಕಳಿಸಿದರೂ ಸಾಕು, ಅಲ್ಲಿಂದ ಖಾತೆ ಜೋಡಿಸಿ ಇನ್ನೊಂದಕ್ಕೆ 1:1 ಸಾಗಿಸಬಹುದು. ಅದೇ ಸೀಟಿಗೆ ಒಂದು ಸೈಟಿನಲ್ಲಿ ಶುಲ್ಕ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇರಬಹುದು, ಎರಡೂ ತೆರೆದು ನೋಡಿ. ಜೋಡಣೆ ಕೆಡುವುದು ಸಾಮಾನ್ಯವಾಗಿ ಹೆಸರು, ಇಮೇಲ್, ಹುಟ್ಟಿದ ದಿನ ಎರಡೂ ಕಡೆ ಒಂದೇ ಆಗಿಲ್ಲದಾಗ. ಇನಿಶಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೂ ಸಾಕು ಕೈಕೊಡಲು. ಪಾಸ್‌ಪೋರ್ಟಿನಲ್ಲಿ ಇರುವಂತೆ ಎಲ್ಲ ಖಾತೆ ಮೊದಲೇ ತೆರೆದಿಟ್ಟಿದ್ದೇವೆ. ಹೊಸ ಖಾತೆಗೆ ಕೆಲವು ಕಡೆ ಕಾಯುವ ಅವಧಿಯೂ ಇರುತ್ತದೆ.

ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ

ಒಂದು ಪಾಯಿಂಟಿನ ಮೌಲ್ಯ = (ನಗದು ದರ − ಶುಲ್ಕ) ÷ ಪಾಯಿಂಟ್. ಸೂತ್ರ ಸರಿ, ಆದರೆ ಇದೊಂದನ್ನೇ ನಂಬಿದರೆ ದಾರಿ ತಪ್ಪುತ್ತದೆ. ಬರೀ ಲೆಕ್ಕಕ್ಕೆಂದು ಡಾಲರ್ ಇಟ್ಟುಕೊಳ್ಳೋಣ. ಒಬ್ಬರ ಟಿಕೆಟ್ 2,800 ಡಾಲರ್. ದಾರಿ ಒಂದು: 85,000 ಪಾಯಿಂಟ್ ಮತ್ತು 250 ಡಾಲರ್, ಪಾಯಿಂಟಿಗೆ 3 ಸೆಂಟ್. ದಾರಿ ಎರಡು: 60,000 ಪಾಯಿಂಟ್ ಮತ್ತು 900 ಡಾಲರ್, ಪಾಯಿಂಟಿಗೆ ಸುಮಾರು 3.17 ಸೆಂಟ್. ಎರಡನೆಯದೇ ಲಾಭ ಅನ್ನಿಸುತ್ತದೆ. ಈಗ ಅದೇ ಪಾಯಿಂಟಿಗೆ ಬ್ಯಾಂಕ್ 1 ಸೆಂಟ್ ನಗದು ಕೊಡುತ್ತದೆ ಅಂತಿಟ್ಟುಕೊಂಡು ಒಟ್ಟು ಖರ್ಚು ಹಾಕಿ: ಮೊದಲನೆಯದು 850 + 250 = 1,100; ಎರಡನೆಯದು 600 + 900 = 1,500. ಸರ್‌ಚಾರ್ಜ್ ಹೆಚ್ಚಿರುವ ಕಡೆ ಕಡಿಮೆ ಪಾಯಿಂಟಿನ ಆಸೆಗೆ ಬೀಳದಿರಲು ನಾವು ಈ ಎರಡನೇ ಲೆಕ್ಕವನ್ನೇ ಹಿಡಿದಿದ್ದೇವೆ.

ನಡೆಯುತ್ತಿರುವುದು: ಸೀಟು ಹುಡುಕಾಟ

ಅವಾರ್ಡ್ ಸೀಟು (ಪಾಯಿಂಟಿಗೆ ಕೊಡುವ ಸೀಟು) ಹೊರಡುವ ದಿನಕ್ಕೆ ಸುಮಾರು 330ರಿಂದ 360 ದಿನ ಮುಂಚೆ ತೆರೆಯುತ್ತದೆ, ಏರ್‌ಲೈನಿಗೊಂದು ಲೆಕ್ಕ. ಆಮೇಲೆ ಕೊನೆಯ ಕೆಲವು ವಾರಗಳಲ್ಲಿ, ಮಾರಾಟವಾಗದೆ ಉಳಿದದ್ದು ಮತ್ತೆ ಬರುತ್ತದೆ. ನಡುವಿನ ತಿಂಗಳುಗಳು ಬರಡು. ಫೇರ್ ಕ್ಲಾಸ್ (ಸೀಟಿನ ದರದ ವರ್ಗ ಸೂಚಿಸುವ ಅಕ್ಷರ) ತೋರಿಸುವ ಉಪಕರಣ ಬಳಸುವವರು ಸ್ಟಾರ್ ಅಲೈಯನ್ಸ್‌ನಲ್ಲಿ ಬಿಸಿನೆಸ್‌ಗೆ ಐ, ಫಸ್ಟ್‌ಗೆ ಓ; ಬ್ರಿಟಿಶ್ ಏರ್‌ವೇಸ್, ಕತಾರ್, ಫಿನ್‌ಏರ್ ಇರುವ ಒನ್‌ವರ್ಲ್ಡ್ ಕೂಟದಲ್ಲಿ ಬಿಸಿನೆಸ್‌ಗೆ ಯು, ಫಸ್ಟ್‌ಗೆ ಝಡ್ ಅಕ್ಷರ ನೋಡಬೇಕು. ಐ2 ಅಂದರೆ ಎರಡು ಸೀಟು ಖಾಲಿ.

ಹುಡುಕುವುದು ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ. ಒಂದೇ ಸೀಟು ಕಡಿಮೆ ದರದಲ್ಲಿದ್ದು ಇಬ್ಬರಿಗೆ ಹುಡುಕಿದರೆ, ಕೆಲವು ಸೈಟು ಇಬ್ಬರಿಗೂ ಮೇಲಿನ ದರ ತೋರಿಸುತ್ತದೆ, ಇನ್ನು ಕೆಲವು ಏನೂ ಇಲ್ಲ ಅನ್ನುತ್ತದೆ. ಬಿಸಿನೆಸ್ ಅಂತ ಬಂದ ಫಲಿತಾಂಶವನ್ನು ಬಿಡಿಸಿ ನೋಡಿ: ಎರಡು ಗಂಟೆಯ ಹಾರಾಟ ಬಿಸಿನೆಸ್, ಹನ್ನೆರಡು ಗಂಟೆಯದು ಇಕಾನಮಿ ಇರುವುದುಂಟು. ದೆವ್ವದ ಸೀಟುಗಳೂ ಇವೆ, ಪರದೆಯ ಮೇಲೆ ಕಾಣುತ್ತವೆ, ಟಿಕೆಟ್ ಆಗುವುದಿಲ್ಲ. ಸ್ವಿಸ್ ಸೀಟಾದರೆ ಏರೋಪ್ಲಾನ್ ಜೊತೆ ಅದೇ ಕೂಟದ ಯುನೈಟೆಡ್ ಏರ್‌ಲೈನ್ಸ್ ಸೈಟಿನಲ್ಲೂ ಕಾಣುತ್ತದೆಯೇ ನೋಡಿ, ಪ್ರಯಾಣಿಕರ ವಿವರ ತುಂಬಿ ಪಾವತಿ ಪುಟದವರೆಗೆ ಹೋಗಿ ಬನ್ನಿ.

ಬಾಕಿ: ವರ್ಗಾವಣೆ

ಏರ್‌ಲೈನಿಗೆ ಹೋದ ಪಾಯಿಂಟ್ ಬ್ಯಾಂಕಿಗೆ ವಾಪಸ್ ಬರುವುದಿಲ್ಲ. ಸೀಟು ಕಣ್ಣಿಗೆ ಬಿದ್ದ ಮೇಲಷ್ಟೇ ಗುಂಡಿ ಒತ್ತುವುದು. ಕೆಲವು ಬ್ಯಾಂಕ್-ಏರ್‌ಲೈನ್ ಜೋಡಿಗಳಲ್ಲಿ ಕ್ಷಣದಲ್ಲಿ ಜಮೆ ಆಗುತ್ತದೆ, ಕೆಲವಕ್ಕೆ ದಿನಗಳು ಹಿಡಿಯುತ್ತವೆ, ಅಷ್ಟರಲ್ಲಿ ಸೀಟು ಹೋಗಿರುತ್ತದೆ. ನಿಧಾನದ ಜೋಡಿಯಿದ್ದರೆ ಫೋನ್ ಮಾಡಿ ಸೀಟು ಹಿಡಿದಿಡುತ್ತಾರೆಯೇ ಕೇಳಿ.

ವರ್ಗಾವಣೆಗೆ 30% ಬೋನಸ್ ಬಂದರೆ ಎಷ್ಟು ಕಳಿಸಬೇಕು ಎನ್ನುವುದನ್ನೂ ಬರೆದಿಟ್ಟಿದ್ದೇವೆ. ಮೇಲಿನ ದಾರಿ ಒಂದರ ಲೆಕ್ಕದಲ್ಲಿ ಇಬ್ಬರಿಗೆ 1,70,000 ಬೇಕು, 1.3ರಿಂದ ಭಾಗಿಸಿದರೆ ಸುಮಾರು 1,30,770. ಸಾವಿರದ ಕಟ್ಟುಗಳಲ್ಲೇ ಹೋಗುವುದರಿಂದ 1,31,000 ಕಳಿಸಿದರೆ 1,70,300 ಸಿಗುತ್ತದೆ. ಬೋನಸ್ ಪ್ರತ್ಯೇಕವಾಗಿ ತಡವಾಗಿ ಬರುತ್ತದೆಯೇ ಎಂದು ಮೊದಲೇ ಓದಿ. ತಡವಾದರೆ ಬೋನಸ್ ನಂಬಿ ಕಡಿಮೆ ಕಳಿಸುವಂತಿಲ್ಲ. ಉಳಿದಿರುವ ಕೆಲಸ, ಮೂರೂ ಕಡೆಯ ರದ್ದತಿ ಶುಲ್ಕವನ್ನು ಪಕ್ಕಪಕ್ಕ ಹಾಕುವುದು. ಶುಲ್ಕ ಕಡಿಮೆ ಇರುವಲ್ಲಿ ಈಗ ಸಿಕ್ಕ ಸಾಧಾರಣ ಸೀಟು ಹಿಡಿದಿಟ್ಟು, ಕೊನೆಯ ವಾರಗಳಲ್ಲಿ ಒಳ್ಳೆಯದು ಬಿದ್ದರೆ ಬದಲಾಯಿಸಬಹುದು.