ರಕ್ತದಲ್ಲೂ ಕೊಬ್ಬು ಕಮಟುತ್ತದೆ

ರಕ್ತದ ಕೊಬ್ಬು ಅಳೆಯುವ ಲಿಪಿಡ್ ರಿಪೋರ್ಟ್ ಕೈಗೆ ಬಂದರೆ, ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಎಷ್ಟಿದೆ ಅಂತ ಎಲ್ಲರೂ ನೋಡುತ್ತೇವೆ. ಅದು ಎಷ್ಟು ಕೆಟ್ಟಿದೆ ಅನ್ನೋದು ಅದರಲ್ಲಿ ಇರುವುದಿಲ್ಲ.

ಹಳೇ ಕಡಲೆಕಾಯಿ ಎಣ್ಣೆ ಕಮಟು ವಾಸನೆ ಹೊಡೆಯುತ್ತದಲ್ಲ, ಹೆಚ್ಚೂಕಮ್ಮಿ ಅದೇ ಕ್ರಿಯೆ ರಕ್ತದಲ್ಲಿ, ಜೀವಕೋಶದ ಪೊರೆಯಲ್ಲೂ ನಡೆಯುತ್ತದೆ. ಲಿನೋಲಿಕ್ ಆಮ್ಲದಂಥ ಕೊಬ್ಬಿನಲ್ಲಿ ಕೆಲವು ಹೈಡ್ರೋಜನ್‌ಗಳ ಹಿಡಿತ ಸಡಿಲ. ಜೋಡಿಯಿಲ್ಲದ ಎಲೆಕ್ಟ್ರಾನ್‌ನಿಂದ ಚಡಪಡಿಸುವ ಅಣು, ಅಂದರೆ ಒಂದು ಫ್ರೀ ರ‍್ಯಾಡಿಕಲ್ ಅದನ್ನು ಕಿತ್ತುಕೊಂಡರೆ ಸಾಕು, ಆಕ್ಸಿಜನ್ ಬಂದು ಅಂಟುತ್ತದೆ. ಆಮೇಲೆ ಆ ಕೊಬ್ಬೇ ಪಕ್ಕದ ಕೊಬ್ಬಿನ ಹೈಡ್ರೋಜನ್‌ಗೆ ಕೈ ಹಾಕುತ್ತದೆ. ಸರಪಳಿ ಶುರು!

ರೋಗಾಣು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳೇ ಹೈಪೋಕ್ಲೋರಸ್ ಆಮ್ಲ ತಯಾರಿಸುತ್ತವೆ. ಬ್ಲೀಚ್ ಜಾತಿಯದೇ ಅದು. ಎಲ್‌ಡಿಎಲ್ ಅನ್ನೂ ಬಿಡುವುದಿಲ್ಲ. ಹೀಗೆ ಕಮಟಿದ ಎಲ್‌ಡಿಎಲ್ ನುಂಗಿ ನುಂಗಿ, ಕಸ ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಉಬ್ಬಿ, ರಕ್ತನಾಳದ ಗೋಡೆಯಲ್ಲೇ ಠಿಕಾಣಿ ಹೂಡುತ್ತವೆ. ಹೃದಯಾಘಾತಕ್ಕೆ ದಾರಿ ಆಗುವುದು ಹೀಗೆ.

ವಿಟಮಿನ್ ಇ ಈ ಸರಪಳಿ ಕಡಿಯುತ್ತದೆ, ನಿಜ. ಹಾಗಂತ ಮಾತ್ರೆ ನುಂಗಿದರೆ ಆಯ್ತಾ? 2000ದಲ್ಲಿ ಪ್ರಕಟವಾದ ಹೋಪ್ ಎಂಬ ಹೃದಯರೋಗದ ಅಧ್ಯಯನದಲ್ಲಿ 9,500ಕ್ಕೂ ಜಾಸ್ತಿ ಜನರಿದ್ದರು. ದಿನಕ್ಕೆ 400 ಯೂನಿಟ್ ತೆಗೆದುಕೊಂಡವರಿಗೂ ಹೃದಯಾಘಾತ ಕಡಿಮೆ ಆಗಲಿಲ್ಲ.

ನಮ್ಮ ಮಾವನವರಂತೂ ಆ ಹಸಿರು ಕ್ಯಾಪ್ಸೂಲ್ ಬಿಡುವ ಲಕ್ಷಣ ಇಲ್ಲ. ಚರ್ಮಕ್ಕೆ ಒಳ್ಳೇದಂತೆ!